ಪೋರ್ಚುಗೀಸ್ ಮಾತಾಡುವವರಿಗೆ ಇಂಗ್ಲಿಷ್‌ನ ಐ, ಯು, ಹಿ, ಶಿ, ಇಟ್ ಹೇಗೆ ಹೇಳಿಕೊಡಬೇಕು? ಅನುಭವ ಇದ್ದವರು ಹೇಳಿ

ಲಿಸ್ಬನ್‌ನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಈಗ ಲಿಸ್ಬನ್‌ನಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ಬ್ರೆಜಿಲ್‌ನ ಒಬ್ಬ ಆಂಟಿ ಇದ್ದಾರೆ. ಮಗಳು ಐರ್ಲೆಂಡ್‌ನಲ್ಲಿದ್ದಾಳೆ, ಮೊಮ್ಮಗು ಹುಟ್ಟಿದೆ, ಆಂಟಿ ಅಲ್ಲಿಗೆ ಹೋಗಿ ಇರಬೇಕು. ಅವರು ನನಗೆ ಪೋರ್ಚುಗೀಸ್ ಕಲಿಸುತ್ತಾರೆ, ನಾನು ಅವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಐ, ಯು, ಹಿ, ಶಿ, ಇಟ್, ವಿ, ದೇ ಅಂತ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಅವರ ಭಾಷೆಯ ಏವ್, ವೊಸೆ, ಎಲಿ, ಎಲಾ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಬಾಯಿಪಾಠ ಪಕ್ಕಾ ಆಗಿದೆ. ಆದರೆ ಮಾತಿಗೆ ಕೂತರೆ "ಈಸ್ ರೈನಿಂಗ್", "ಐ ಥಿಂಕ್ ಈಸ್ ಗುಡ್" ಅನ್ನುತ್ತಾರೆ. ಚಾವಿ ಸಿಗದಿದ್ದರೆ "ಶಿ ಈಸ್ ಲಾಸ್ಟ್". ನಿನ್ನೆ "ದ ಪೀಪಲ್ ಗೋ ಟು ಮಾರ್ಕೆಟ್" ಅಂದರು. ಯಾವ ಜನ ಅಂತ ಕೇಳಿದೆ. ನಾನು, ನೀನು ಅಂತ ಕೈಯಲ್ಲಿ ತೋರಿಸಿದರು. ನಾನು ಟೀಚರ್ ಅಲ್ಲ. ಎಲ್ಲಿಂದ ಸರಿ ಮಾಡಲಿ?

ಬ್ರೆಜಿಲ್‌ನ ಕ್ಯಾಂಪಿನಾಸ್‌ನಲ್ಲಿ ನಾಲ್ಕು ವರ್ಷ ಇದ್ದವರು:

ನಿಮ್ಮ ಆಂಟಿಗೆ ಆ ಪದಗಳು ಗೊತ್ತಿಲ್ಲ ಅಂತಲ್ಲ. ಅಲ್ಲಿ ಒಂದು ಪದ ಬೇಕೇ ಬೇಕು ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಇದನ್ನು ಕನ್ನಡದವರಿಗೆ ವಿವರಿಸುವುದು ಸುಲಭ. "ಊಟ ಮಾಡಿದೆ", "ನಾಳೆ ಬರುತ್ತಾಳೆ" ಅನ್ನುತ್ತೇವೆ, ಯಾರು ಅಂತ ಯಾರೂ ಕೇಳುವುದಿಲ್ಲ. ಅದು ಕ್ರಿಯಾಪದದ ಬಾಲದಲ್ಲೇ ಇದೆ. ಪೋರ್ಚುಗೀಸ್ ಕೂಡ ಹಾಗೇ. "ಫಾಲು" ಅಂದರೆ ಮಾತಾಡುತ್ತೇನೆ, "ಫಲಾಮುಸ್" ಅಂದರೆ ಮಾತಾಡುತ್ತೇವೆ. ಇಂಗ್ಲಿಷ್‌ನ "ಸ್ಪೀಕ್" ಬೋಳು ಪದ. ಮುಂದೆ ಒಬ್ಬರು ನಿಲ್ಲದಿದ್ದರೆ ಅದು ಯಾರ ಮಾತು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ, ಬ್ರೆಜಿಲ್‌ನವರು ಮತ್ತು ಪೋರ್ಚುಗಲ್‌ನವರು ಇದರಲ್ಲಿ ಒಂದೇ ಥರ ಅಲ್ಲ. ಪೋರ್ಚುಗಲ್‌ನಲ್ಲಿ ನೀನು ಅನ್ನುವುದಕ್ಕೆ "ತು" ಇದೆ, ಅದಕ್ಕೆ ಬೇರೆಯದೇ ಬಾಲ ಇದೆ, ಹಾಗಾಗಿ ಸರ್ವನಾಮ ಸಲೀಸಾಗಿ ಬಿಟ್ಟುಬಿಡುತ್ತಾರೆ. ಬ್ರೆಜಿಲ್‌ನ ಆಡುಮಾತಲ್ಲಿ ನೀನು, ಅವನು, ಅವಳು, ಕೊನೆಗೆ ನಾವು ಅನ್ನುವ ಅರ್ಥದ "ಅ ಜೆಂಚಿ", ಎಲ್ಲಕ್ಕೂ "ಫಾಲಾ" ಒಂದೇ. ಬಾಲ ಸವೆದುಹೋಗಿದೆ. ಅದಕ್ಕೇ ಅವರು ಸರ್ವನಾಮ ಜಾಸ್ತಿ ಹೇಳುತ್ತಾರೆ. ಗಮನಿಸಿ ನೋಡಿ, ಆಂಟಿ ಐ ಬಿಡುವುದು ಕಡಿಮೆ ಇರಬೇಕು. ಬಿಡುವುದು ಇಟ್. ಯಾಕೆಂದರೆ ಆ ಇಟ್‌ಗೆ ಅವರ ಭಾಷೆಯಲ್ಲಿ ಏನೂ ಇಲ್ಲ. ಮಳೆ ಬಂದರೆ "ಎಸ್ತಾ ಶೊವೆಂದು", ಅಷ್ಟೇ. ನಮ್ಮಲ್ಲಾದರೂ ಮಳೆ ಅನ್ನುವುದೇ ಬರುತ್ತದೆ, ಅಲ್ಲಿ ಯಾರೂ ಬರುವುದಿಲ್ಲ, ಬರೀ ಕ್ರಿಯಾಪದ. ಗಂಟೆ ಹೇಳುವಾಗಲೂ "ಮೂರು ಗಂಟೆಗಳು ಇವೆ" ಅನ್ನುವ ಥರ ಹೇಳುತ್ತಾರೆ, ಅದಕ್ಕೇ "ಆರ್ ತ್ರೀ ಅವರ್ಸ್" ಅಂತ ಬರುತ್ತದೆ.

ಹಾಗಾಗಿ ಫ್ರಿಜ್ ಮೇಲಿನ ಹಾಳೆಯಲ್ಲಿ ಇಟ್ ಪಕ್ಕ ಎಲಿ, ಎಲಾ ಅಂತ ಬರೆದಿದ್ದರೆ ದಯವಿಟ್ಟು ಅಳಿಸಿ. ಖಾಲಿ ಬಿಡಿ. ನಮ್ಮ ಆಫೀಸಿನ ಹುಡುಗರಿಗೆ ನಾನು ಹೇಳಿದ್ದು ಹೀಗೆ: ಇಂಗ್ಲಿಷ್‌ನಲ್ಲಿ ಕ್ರಿಯಾಪದದ ಮುಂದೆ ಒಂದು ಮಣೆ ಹಾಕಿರುತ್ತದೆ. ಅದು ಖಾಲಿ ಇರುವ ಹಾಗಿಲ್ಲ. ಕೂರುವುದಕ್ಕೆ ಯಾರೂ ಇಲ್ಲ ಅಂದರೆ ಇಟ್ ಬಂದು ಕೂರುತ್ತದೆ. ಅದಕ್ಕೆ ಅರ್ಥ ಹುಡುಕಬೇಡಿ. ಹವಾಮಾನ, ಗಂಟೆ, ದೂರ, "ಈಸಿ", "ಇಂಪಾರ್ಟೆಂಟ್", ಇಷ್ಟನ್ನು ಎರಡು ವಾರ ಮಾತಾಡಿಸಿ. ಬೆಳಿಗ್ಗೆ ಕಿಟಕಿ ತೆಗೆದು ಮೂರು ವಾಕ್ಯ ಸಾಕು. "ಇಟ್ಸ್ ಕೋಲ್ಡ್. ಇಟ್ಸ್ ಎಯ್ಟ್ ಓ ಕ್ಲಾಕ್. ಇಟ್ಸ್ ಮಂಡೇ."

ಹಾಂ, "ದೇರ್ ಈಸ್" ಕೂಡ ಇದರ ಜೊತೆಗೇ ಕಲಿಸಿ. ಬ್ರೆಜಿಲ್‌ನಲ್ಲಿ ಇದೆ ಅನ್ನುವುದಕ್ಕೆ "ತೇಂ" ಅನ್ನುತ್ತಾರೆ. ಅದರ ನೇರ ಅರ್ಥ "ಹ್ಯಾಸ್". ಅದಕ್ಕೇ "ಹ್ಯಾವ್ ಎ ಬ್ಯಾಂಕ್ ನಿಯರ್ ಹಿಯರ್" ಅಂತ ಬರುತ್ತದೆ.

ಕಾರವಾರದಿಂದ:

ಚಾವಿಗೆ "ಶಿ" ಅಂದಿದ್ದು ಓದಿ ನನ್ನ ಅಜ್ಜಿ ನೆನಪಾದರು. ಅವರ ತವರು ಮಡಗಾಂವ್, ಗೋವಾದಲ್ಲಿ 1961ರವರೆಗೆ ಪೋರ್ಚುಗೀಸರ ಆಳ್ವಿಕೆ ಇತ್ತಲ್ಲ, ಓದಿದ್ದೆಲ್ಲ ಪೋರ್ಚುಗೀಸ್‌ನಲ್ಲಿ, ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ಇಂಗ್ಲಿಷ್ ಕಲಿತವರು. ಅವರೂ ಚಾವಿಗೆ ಶಿ, ಪುಸ್ತಕಕ್ಕೆ ಹಿ ಅನ್ನುತ್ತಿದ್ದರು. ಪೋರ್ಚುಗೀಸ್‌ನಲ್ಲಿ "ಅದು" ಅನ್ನುವ ಬೇರೆ ಖಾನೆ ಇಲ್ಲ. ಪ್ರತಿ ವಸ್ತುವೂ ಗಂಡು ಅಥವಾ ಹೆಣ್ಣು. ಮನೆಮಾತು ಕೊಂಕಣಿಯಲ್ಲೂ ವಸ್ತುಗಳಿಗೆ ಲಿಂಗ ಇದೆ, ಹಾಗಾಗಿ ಅಜ್ಜಿಗೆ ಎರಡೂ ಕಡೆಯಿಂದ ಅಭ್ಯಾಸ.

ಒಂದು ಸಂತೋಷದ ವಿಷಯ ಹೇಳುತ್ತೇನೆ. ನಮ್ಮ ಮೇಜು ಮತ್ತು ಚಾವಿ ಎರಡೂ ಪೋರ್ಚುಗೀಸ್‌ನಿಂದ ಬಂದ ಪದಗಳು ಅನ್ನುತ್ತಾರೆ. ಅಲ್ಲಿ "ಮೇಜ", "ಶಾವಿ", ಎರಡೂ ಹೆಣ್ಣು. ಕನ್ನಡಕ್ಕೆ ಬಂದು ಎರಡೂ "ಅದು" ಆದವು. ಆಂಟಿಗೆ ಈ ಎರಡು ಪದ ತೋರಿಸಿ. ನನ್ನ ಭಾಷೆಯಲ್ಲೂ ಇದೇ ಮೇಜು, ಇದೇ ಚಾವಿ, ಆದರೆ ನಮ್ಮಲ್ಲಿ ಅವಳು ಅನ್ನುವುದಿಲ್ಲ, ಇಂಗ್ಲಿಷ್‌ನಲ್ಲೂ ಅನ್ನುವುದಿಲ್ಲ ಅಂತ ಹೇಳಿ. ಅವರಿಗೆ ತಟ್ಟನೆ ಹಿಡಿಸುತ್ತದೆ. ನಾನು ಅಜ್ಜಿಯ ಜೊತೆ ಮನೆಯೆಲ್ಲ ಸುತ್ತಿ, ಒಂದೊಂದೇ ಸಾಮಾನು ಮುಟ್ಟಿ "ಇಟ್" ಅನ್ನಿಸುತ್ತಿದ್ದೆ. ಪಾತ್ರೆ, ಕುರ್ಚಿ, ಛತ್ರಿ. ನಾಯಿಯ ಹತ್ತಿರ ಬಂದಾಗ ಮಾತ್ರ ಅಜ್ಜಿ ಒಪ್ಪಲಿಲ್ಲ, ಅದು ಹಿ ಅಂದರು. ಮನೆಯ ನಾಯಿಗೆ ಹಿ ಅನ್ನುವುದು ಇಂಗ್ಲಿಷ್‌ನಲ್ಲಿ ಸರಿಯೇ, ಹಾಗಾಗಿ ಅದನ್ನು ತಿದ್ದಬೇಡಿ.

ದೇ ಬಗ್ಗೆ ಚಿಂತೆ ಬೇಡ. ಅವರಲ್ಲಿ ಎಲಿಸ್, ಎಲಾಸ್ ಅಂತ ಎರಡಿವೆ, ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ. ವಸ್ತುಗಳಿಗೂ ಅವೇ ಪದ ಬಳಸಿ ಅಭ್ಯಾಸ ಇರುವುದರಿಂದ "ವೇರ್ ಆರ್ ದ ಕೀಸ್? ದೇ ಆರ್ ಹಿಯರ್" ಅವರಿಗೆ ಸಹಜವಾಗಿ ಬರುತ್ತದೆ. ಅವರು ಮತ್ತು ಅವು ಬೇರೆ ಮಾಡುವ ನಮಗೇ ಅಲ್ಲಿ ತಡವರಿಕೆ.

ಮಾಪುಟೊದಿಂದ, ಶಾಲೆಯಲ್ಲಿ ಪಾಠ ಮಾಡುವವರು:

ಮೊಜಾಂಬಿಕ್‌ನಲ್ಲಿ ಆಡಳಿತ ಭಾಷೆ ಪೋರ್ಚುಗೀಸ್. ಆದರೆ ಪಕ್ಕದ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ, ಮಲಾವಿ ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. 1995ರಲ್ಲಿ ಈ ದೇಶ ಕಾಮನ್‌ವೆಲ್ತ್‌ಗೂ ಸೇರಿತು, ಬ್ರಿಟಿಷರ ಆಳ್ವಿಕೆ ಇಲ್ಲದಿದ್ದರೂ. ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಅಂದರೆ ಗಡಿ ದಾಟಿದರೆ ಬೇಕಾಗುವ ಭಾಷೆ.

ನಾನು ಹೇಳಬೇಕಾದ್ದು ಯು ಬಗ್ಗೆ, ಅದನ್ನು ಯಾರೂ ಹೇಳಿಲ್ಲ. ಎಲ್ಲರೂ ಅದು ಸುಲಭ ಅಂದುಕೊಳ್ಳುತ್ತಾರೆ. ವೊಸೆ ಪದ ಹುಟ್ಟಿದ್ದು "ವೊಸಾ ಮೆರ್ಸೆ" ಅನ್ನುವ ಗೌರವದ ಮಾತಿನಿಂದ, ನಮ್ಮ "ತಮ್ಮ ದಯೆ" ಅನ್ನುವ ಥರದ್ದು. ಅದಕ್ಕೇ ಅದರ ಕ್ರಿಯಾಪದ ಇವತ್ತಿಗೂ ಅವನು, ಅವಳು ಅನ್ನುವುದಕ್ಕೆ ಬರುವಂಥದ್ದೇ. ಹಾಗಾಗಿ ಮಕ್ಕಳು "ಯು ಈಸ್", "ಯು ಹ್ಯಾಸ್" ಅನ್ನುತ್ತಾರೆ. ಇದು ಅಜಾಗರೂಕತೆ ಅಲ್ಲ, ಅವರ ವ್ಯಾಕರಣ ಅಲ್ಲಿ ಕೆಲಸ ಮಾಡುತ್ತಿದೆ. ಇನ್ನೂ ಒಂದಿದೆ. ದೊಡ್ಡವರ ಎದುರೇ ನಿಂತು "ಸೆನ್ಯೋರ್ ಕಾಫಿ ಕುಡಿಯುತ್ತಾರಾ?" ಅಂತ ಕೇಳುವುದು ಅಲ್ಲಿನ ಮರ್ಯಾದೆ. ನಮ್ಮಲ್ಲೂ "ಸಾಹೇಬರು ಕಾಫಿ ತಗೋತಾರಾ?" ಅಂತ ಮುಖ ನೋಡಿಯೇ ಕೇಳುತ್ತೇವೆ ಅಲ್ವಾ, ಹಾಗೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ನನಗೆ ಕುರ್ಚಿ ತಂದು "ದ ಟೀಚರ್ ವಾಂಟ್ಸ್ ಟು ಸಿಟ್?" ಅಂತ ಕೇಳಿದ. ಅವನಿಗೆ ನನ್ನನ್ನು ಯು ಅನ್ನುವುದಕ್ಕೆ ಬಾಯಿ ಬರಲಿಲ್ಲ. ನೀನು ಅಂದ ಹಾಗಾಗುತ್ತದೆ ಅಂತ ಹೆದರಿದ್ದ.

ನಾನು ಅವರಿಗೆ ಹೇಳುವುದು, ಇಂಗ್ಲಿಷ್‌ನಲ್ಲಿ ನೀನು ಅನ್ನುವ "ದೌ" ಅಂತ ಬೇರೆ ಪದ ಇತ್ತು, ಬಳಕೆಯಿಂದ ಹೋಯಿತು, ಉಳಿದದ್ದು ಬಹುವಚನದ, ಗೌರವದ ಪದ. ಯು ಅಂದರೆ ನೀವು. ಒಬ್ಬರೇ ಇದ್ದರೂ ಅದಕ್ಕೆ ನೀವು ಅನ್ನುವ ಕ್ರಿಯಾಪದವೇ ಬರುತ್ತದೆ. ಪೋರ್ಚುಗೀಸ್‌ನಲ್ಲಿ "ವೊಸೆಸ್" ಅಂತ ಬಹುವಚನ ಇದೆ. ಯು ಯಾವಾಗಲೂ ವೊಸೆಸ್ ಥರ ನಡೆಯುತ್ತದೆ ಅಂತ ಹೇಳಿದರೆ ಯು ಆರ್ ತಾನಾಗಿ ನಿಲ್ಲುತ್ತದೆ. ಮರ್ಯಾದೆ ಬೇಕೆನ್ನಿಸಿದರೆ "ಪ್ಲೀಸ್" ಸೇರಿಸಲಿ. ನಿಮ್ಮ ಆಂಟಿ ಐರ್ಲೆಂಡ್‌ನಲ್ಲಿ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ, ಆಗ ಈ ಧೈರ್ಯ ಬೇಕು.

ಮೈಸೂರಿನಿಂದ, ಆನ್‌ಲೈನ್‌ನಲ್ಲಿ ಬ್ರೆಜಿಲ್‌ನವರಿಗೆ ಪಾಠ ಹೇಳುವವರು:

ಪೀಪಲ್ ಪ್ರಶ್ನೆಗೆ ಉತ್ತರ. "ಜೆಂಚಿ" ಅಂದರೆ ಜನ. ಆದರೆ "ಅ ಜೆಂಚಿ" ಅಂದರೆ ಆಡುಮಾತಲ್ಲಿ ನಾವು. ಅದನ್ನು ಒಂದೊಂದೇ ಪದವಾಗಿ ಬದಲಿಸಿದರೆ ದ ಪೀಪಲ್ ಆಗುತ್ತದೆ. ಫ್ರಿಜ್ ಹಾಳೆಯಲ್ಲಿ ವಿ ಪಕ್ಕ "ನೋಸ್" ಅಂತ ಮಾತ್ರ ಬರೆದಿರುತ್ತೀರಿ, ಪಾಠದ ಪುಸ್ತಕಗಳೂ ಹಾಗೇ ಮಾಡುತ್ತವೆ. ಅವರು ದಿನವಿಡೀ ಹೇಳುವುದು ಅ ಜೆಂಚಿ. ಅದನ್ನೂ ಬರೆಯಿರಿ. ಅದಕ್ಕೆ ಏಕವಚನದ ಕ್ರಿಯಾಪದ ಬರುವುದರಿಂದ "ವಿ ಈಸ್" ಕೂಡ ಕೇಳಿಸಬಹುದು.

ನಾನು ಮೊದಲ ವಾರದಲ್ಲೇ ಮಾಡಿಸುವುದು ಚಿಕ್ಕ ಉತ್ತರಗಳು. "ಬರ್ತೀಯಾ?" ಅಂದರೆ ನಾವು "ಬರ್ತೀನಿ" ಅನ್ನುತ್ತೇವೆ. ಪೋರ್ಚುಗೀಸ್‌ನವರೂ ಕ್ರಿಯಾಪದದಿಂದಲೇ ಹೌದು ಅನ್ನುತ್ತಾರೆ. ಇಷ್ಟವಾ ಅಂತ "ಗೋಸ್ತಾ?", ಇಷ್ಟ ಅಂತ "ಗೋಸ್ತು". ಹಾಗಾಗಿ "ಡು ಯು ಲೈಕ್ ಇಟ್?" ಅಂದರೆ "ಲೈಕ್" ಅಂತಲೇ ಉತ್ತರ ಬರುತ್ತದೆ. "ಯೆಸ್, ಐ ಡು", "ಯೆಸ್, ಶಿ ಈಸ್", "ನೋ, ವಿ ಆರಂಟ್" ಇವನ್ನು ಚೆಂಡು ಎಸೆದ ಹಾಗೆ ಬೇಗ ಬೇಗ ಕೇಳಿ. ಸರ್ವನಾಮ ಬಾಯಲ್ಲಿ ಕೂರುವುದು ಇದರಿಂದಲೇ, ಪಟ್ಟಿಯಿಂದ ಅಲ್ಲ. ಬಾಗಿಲು ತಟ್ಟಿದಾಗ ಅವರು ನಾನೇ ಅನ್ನುವುದಕ್ಕೆ "ಸೋ ಏವ್" ಅನ್ನುತ್ತಾರೆ. ಅದು "ಆ್ಯಮ್ ಐ" ಅಂತ ಬರುತ್ತದೆ. "ಇಟ್ಸ್ ಮಿ" ಅಂತ ಇಡೀ ತುಂಡನ್ನೇ ಕೊಡಿ. ಯಾಕೆ ಮಿ ಅಂತ ಅಲ್ಲಿ ವಿವರಿಸಲು ಹೋಗಬೇಡಿ.

ಉಚ್ಚಾರಣೆಗೆ ಒಂದು ಉಪಾಯ. ಪೋರ್ಚುಗೀಸ್‌ನಲ್ಲಿ ಬರೆದ ಹಕಾರ ಬಾಯಲ್ಲಿ ಬರುವುದಿಲ್ಲ, ಹೋಟೆಲ್ ಅಂದರೆ "ಒಟೆಲ್". ಹಾಗಾಗಿ ಹಿ ಅನ್ನುವುದು ಈ ಆಗುತ್ತದೆ. ಆದರೆ ಬ್ರೆಜಿಲ್‌ನ ಬಹಳ ಕಡೆ ಪದದ ಶುರುವಿನ ರಕಾರವನ್ನೇ ಹಕಾರದಂತೆ ಹೇಳುತ್ತಾರೆ. ನಗುತ್ತಾನೆ ಅನ್ನುವುದಕ್ಕೆ "ರಿ" ಅಂತ ಬರೆದು ಹಿ ಅಂತ ಓದುತ್ತಾರೆ. ಆ ಪದ ನೆನಪಿಸಿದರೆ ಸಾಕು. ಇಟ್ ಕೊನೆಗೆ ಒಂದು ಇಕಾರ ಸೇರಿ "ಇಚಿ" ಆಗುವುದೂ ಇದೆ. ಅದಕ್ಕೆ ಬರೀ ಇಟ್ ಹೇಳಿಸಬೇಡಿ, "ಇಟ್ಸ್" ಹೇಳಿಸಿ, ಸಕಾರ ಬಂದರೆ ಬಾಯಿ ಮುಂದೆ ಹೋಗುತ್ತದೆ.

"ಐ ಸಾ ಹಿ" ಅಂದರೆ ಈಗಲೇ ಹಿಡಿದು ನಿಲ್ಲಿಸಬೇಡಿ. ಅವರ ಆಡುಮಾತಲ್ಲಿ "ಏವ್ ವಿ ಎಲಿ" ಅಂತ ಅದೇ ಪದ ಎರಡೂ ಕಡೆ ಬರುತ್ತದೆ. ಹಿಮ್, ಹರ್ ಮುಂದಿನ ತಿಂಗಳಿಗೆ ಇರಲಿ.

ಲಿಸ್ಬನ್‌ನಿಂದ, ಮೂರು ವಾರದ ಮೇಲೆ:

ತಡವಾಯಿತು. ಹಾಳೆ ಹೊಸದಾಗಿ ಬರೆದೆ. ಇಟ್ ಪಕ್ಕ ಖಾಲಿ ಚೌಕ, ವಿ ಪಕ್ಕ ಅ ಜೆಂಚಿ. ಮೇಜು, ಚಾವಿ ಕೇಳಿ ಆಂಟಿ ಎರಡು ಸಲ ನನ್ನಿಂದ ಹೇಳಿಸಿದರು, ಮಗಳಿಗೆ ಫೋನ್ ಮಾಡಿಯೂ ಹೇಳಿದರು. ಬೆಳಿಗ್ಗೆ ಕಿಟಕಿಯ ಮೂರು ವಾಕ್ಯ ಈಗ ಅವರೇ ಶುರು ಮಾಡುತ್ತಾರೆ. ಇಟ್ಸ್ ರೈನಿಂಗ್ ಬಂತು. ಯು ಅಂದರೆ ನೀವು ಅಂತ ಹೇಳಿದ ದಿನ ಅವರು ಬಹಳ ಹೊತ್ತು ಯೋಚಿಸಿದರು, ಆಮೇಲೆ ನನ್ನನ್ನು ಯು ಅನ್ನುವುದಕ್ಕೆ ಮುಜುಗರ ಹೋಗಿದೆ. ಉಳಿದಿರುವುದು "ಐ ಥಿಂಕ್ ಈಸ್ ಗುಡ್" ಒಂದೇ. ಬರೀ "ಇಟ್ಸ್ ಗುಡ್" ಸರಿಯಾಗಿ ಹೇಳುತ್ತಾರೆ, ಮುಂದೆ ಐ ಥಿಂಕ್ ಸೇರಿದರೆ ಇಟ್ ಹಾರಿಹೋಗುತ್ತದೆ.

ಕ್ಯಾಂಪಿನಾಸ್‌ನಲ್ಲಿದ್ದವರು:

ಅದು ಎಲ್ಲಕ್ಕಿಂತ ಕೊನೆಗೆ ಹೋಗುವ ತಪ್ಪು, ಬೇಜಾರಾಗಬೇಡಿ. ಹತ್ತು ವರ್ಷ ಇಂಗ್ಲಿಷ್‌ನಲ್ಲಿ ಕೆಲಸ ಮಾಡಿದ ನನ್ನ ಸಹೋದ್ಯೋಗಿಗಳ ಮೇಲ್‌ಗಳಲ್ಲೂ ಕಾಣುತ್ತಿತ್ತು. ಅವರ ಭಾಷೆಯಲ್ಲಿ "ಆಶು ಕಿ ಎ ಬೊಂ". ಐ ಥಿಂಕ್ ಆದ ಮೇಲೆ "ಕಿ" ಅನ್ನುವ ಒಂದು ಪದ ಬರುತ್ತದೆ, ಹಿಂದೆಯೇ ನೇರ ಕ್ರಿಯಾಪದ. ಒಂದು ಮಣೆಯ ಮೇಲೆ ಈಗಾಗಲೇ ಐ ಕೂತಿದೆ, ಸಾಕು ಅನ್ನಿಸುತ್ತದೆ. ವಾಕ್ಯದಲ್ಲಿ ಎರಡು ಕ್ರಿಯಾಪದ ಇದ್ದರೆ ಎರಡು ಮಣೆ ಅಂತ ತೋರಿಸಿ. ನಾನು ಮೇಜಿನ ಮೇಲೆ ಎರಡು ಲೋಟ ಇಡುತ್ತಿದ್ದೆ. ಐ ಅಂದಾಗ ಒಂದು ಮುಟ್ಟಬೇಕು, ಇಟ್ ಅಂದಾಗ ಇನ್ನೊಂದು. ಎರಡನೇ ಲೋಟ ಮುಟ್ಟದೆ ವಾಕ್ಯ ಮುಗಿಸುವ ಹಾಗಿಲ್ಲ. ಮೊದಲು ಐ ಥಿಂಕ್ ಇಟ್ಸ್, ಆಮೇಲೆ ಶಿ ಸೇಸ್ ಇಟ್ಸ್, ಐ ನೋ ಶಿ ಈಸ್. ಮಗಳ ಬಗ್ಗೆ, ಮೊಮ್ಮಗುವಿನ ಬಗ್ಗೆಯೇ ಕೇಳಿ, ಅವರಿಗೆ ಹೇಳುವುದಕ್ಕೆ ತುಂಬ ಇರುತ್ತದೆ. "ಐ ಥಿಂಕ್ ಶಿ ಈಸ್ ಹಂಗ್ರಿ" ಅನ್ನುವ ವಾಕ್ಯ ಅಲ್ಲಿ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.