40 ಡಿಗ್ರಿ ಬಿಸಿಲಿಗೆ 10 ಯೂರೋ ಒಳಗಿನ ವೈಟ್ ವೈನ್ ಯಾವುದು? ಅನುಭವ ಹೇಳಿ

ತುಲೂಸ್ ಹೊಸಬ: ಮನೆಯಲ್ಲಿ ಎಸಿ ಇಲ್ಲ. ಶನಿವಾರ ಆರು ಜನ ಊಟಕ್ಕೆ ಬರುತ್ತಾರೆ. ಮೆಣಸಿನಕಾಯಿ ಬಜ್ಜಿ ಇದೆ. ಹಗುರವಾದ, ಹುಳಿ ಮುಂದಿರುವ ಫ್ರೆಂಚ್ ವೈಟ್ ಬೇಕು.

ಮೊಂಪೆಲಿಯೆ ಅಕ್ಕ: ಪಿಕ್‌ಪೂಲ್ ದ ಪಿನೆ. ಎರಡು ಬೇಸಿಗೆ ನಾನು 24 ಯೂರೋದ ಬರ್ಗಂಡಿ ಶಾರ್ದೊನೆಗೆ ದುಡ್ಡು ಸುರಿದೆ. ಓಕ್ ಪೀಪಾಯಿಯ ವಾಸನೆ ಬೇರೆ, ಆ ಸೆಕೆಯಲ್ಲಿ ಅರ್ಧ ಲೋಟ ಇಳಿಯಲಿಲ್ಲ. ಆಮೇಲೆ ಮೆಜ್ ಊರಲ್ಲಿ, ತೋ ಹಿನ್ನೀರಿನ ದಂಡೆಯಲ್ಲಿ ಕೂತು ಇದನ್ನು ಕುಡಿದೆ. ಎತ್ತರದ ಹಸಿರು ಬಾಟಲಿ. ನಿಂಬೆ ಹಿಂಡಿದ ಹಾಗೆ, ಕೊನೆಗೆ ನಾಲಿಗೆ ಮೇಲೆ ಚೂರು ಉಪ್ಪು. ಅಲ್ಲಿಯವರಿಗೆ ಸಿಂಪಿ ಜೊತೆ, ನಮ್ಮ ಮನೆಯಲ್ಲಿ ಹೆಸರುಬೇಳೆ ಕೋಸಂಬರಿ ಜೊತೆ. 6 ಯೂರೋ 80 ಸೆಂಟ್‌ನಂತೆ 12 ಬಾಟಲಿ ತಂದೆ, 81 ಯೂರೋ 60 ಆಯಿತು. ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ. ನಾಲ್ಕರ ಕಾರ್ಕ್ ಮೇಲೆದ್ದು ಸೋರಿತ್ತು. 27 ಯೂರೋ 20 ಸೆಂಟ್ ಸಿಂಕಿಗೆ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾಂತ್‌ನವನು: ಎಲ್ಲರದ್ದೂ ಪಿಕ್‌ಪೂಲ್ ಜಪ. ಮುಸ್ಕಾದೆ ಕುಡಿದು ನೋಡಿ ಮೇಡಂ. ಲೇಬಲ್ ಮೇಲೆ 'ಸ್ಯೂರ್ ಲೀ' ಅಂತ ಇರಬೇಕು. ಚಳಿಗಾಲವಿಡೀ ಯೀಸ್ಟಿನ ಗಷ್ಟಿನ ಮೇಲೇ ಬಿಟ್ಟಿರುತ್ತಾರೆ, ಅದಕ್ಕೇ ತೆಳುವಾಗಿದ್ದರೂ ನೀರಾಗಿರುವುದಿಲ್ಲ. 1709ರ ಹಿಮಕ್ಕೆ ಇಲ್ಲಿನ ಬಳ್ಳಿಗಳು ಸತ್ತವು, ಚಳಿ ತಡೆಯುವ ಮೆಲೊನ್ ಅನ್ನೋ ದ್ರಾಕ್ಷಿ ತಳಿ ಆಮೇಲೆ ಹಬ್ಬಿತು, ಮುಸ್ಕಾದೆ ಅದರದ್ದೇ. ಇನ್ನೊಂದು ಮಾತು: ಫ್ರೀಜರ್‌ಗೆ ಇಡಬೇಡಿ! ನಾನು ಮೂರು ಇಟ್ಟು ಮಲಗಿಬಿಟ್ಟೆ. ಎರಡು ಸೀಳಿದ್ದವು. ಬಟಾಣಿ ಪ್ಯಾಕೆಟ್ ಒಳಗೂ ಗಾಜಿನ ಚೂರು, ಇಡೀ ಫ್ರೀಜರ್ ಖಾಲಿ ಮಾಡಿ ಬಿಸಾಕಿದೆ. ಈಗ ಬಕೆಟ್‌ಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು. 20 ನಿಮಿಷ ಸಾಕು.

ಓಶ್ ಅಳಿಯ: ನಾನು ಕೋತ್ ದ ಗಾಸ್ಕೋನ್ ತರುತ್ತೇನೆ. ಕೊಲೊಂಬಾರ್, ಉನಿ ಬ್ಲಾಂ ದ್ರಾಕ್ಷಿಯದು, 4 ಯೂರೋ 50. ಲೋಟಕ್ಕೇ ಎರಡು ಐಸ್ ಹಾಕುತ್ತೇನೆ. ಬಕೆಟ್ ರಗಳೆ ಯಾಕೆ?

ನಾಂತ್‌ನವನು: ವೈನಿಗೆ ಐಸ್ ಹಾಕುವವರ ಸಲಹೆ ಬೇಡ. ರುಚಿ ನೀರಾಗುತ್ತದೆ.

ಓಶ್ ಅಳಿಯ: ನಮ್ಮ ಮಾವ ದ್ರಾಕ್ಷಿ ಬೆಳೆಯುವವರು. ಕಟಾವಿನ ದಿನ ಅವರೇ ಐಸ್ ಹಾಕಿ ಕೊಡುತ್ತಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಮೊಂಪೆಲಿಯೆ ಅಕ್ಕ: ಮೇಡಂ ಅಂದಿದ್ದು ಸಾಕು ರೀ. ಜಪ ಅಂದಿರಲ್ಲ, ಅದಕ್ಕೆ ಉತ್ತರ ಕೊಡಿ. ಮುಸ್ಕಾದೆ ನಾನೂ ತಂದಿದ್ದೇನೆ. 9 ಯೂರೋ ಕೊಟ್ಟು ನೀರು ಕುಡಿದ ಹಾಗಾಯಿತು.

ನಾಂತ್‌ನವನು: ಸ್ಯೂರ್ ಲೀ ಇತ್ತಾ? ಅದನ್ನು ಮೊದಲು ಹೇಳಿ.