ಅಪ್‌ಡೇಟ್: ಓರಿಕ್ಸ್ ಬೇಟೆಯ ಲಾಟರಿ ಕೊನೆಗೂ ಹತ್ತಿತು

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿರುವ ಸೇನೆಯ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ವಲಯದೊಳಗೆ ಓರಿಕ್ಸ್ (ಉದ್ದ ಕೋಡಿನ ಆಫ್ರಿಕಾದ ಹುಲ್ಲೆ) ಬೇಟೆಯಾಡಲು ಪರವಾನಗಿಯ ಲಾಟರಿಗೆ ಅರ್ಜಿ ಹಾಕಿ ಪ್ರಯೋಜನವಿದೆಯೇ ಎಂದು ಇಲ್ಲಿ ಕೇಳಿದ್ದೆ. ಹಾಕುತ್ತಲೇ ಇರಿ ಎಂದವರಿಗೆಲ್ಲ ವಂದನೆ. ಈ ಸಲ ನನ್ನ ಹೆಸರು ಬಂತು.

ಬೇಟೆಗೆ ಮುನ್ನ ಸೇನೆಯವರ ಸುರಕ್ಷತಾ ಪಾಠ. ನೆಲದಲ್ಲಿ ಸಿಡಿಯದ ಮದ್ದುಗುಂಡು ಇರಬಹುದು, ಲೋಹದ ತುಂಡು ಕಂಡರೆ ಮುಟ್ಟಬೇಡಿ ಎಂದರು. ಆಮೇಲೆ ದಿನವಿಡೀ ನನ್ನ ಕಣ್ಣು ಪ್ರಾಣಿಗಿಂತ ಹೆಚ್ಚಾಗಿ ಕಾಲಬುಡದಲ್ಲೇ ಇತ್ತು!

ಉದ್ದ ಕೋಡು ನೋಡಿ ಗಂಡೆಂದು ನಂಬಿ ಹೊಡೆದದ್ದು ಹೆಣ್ಣು. ಎರಡಕ್ಕೂ ಕೋಡಿರುತ್ತದೆ, ಹೆಣ್ಣಿನದು ಎಷ್ಟೋ ಸಲ ಇನ್ನೂ ಉದ್ದ, ಸಪೂರ. ನನ್ನ ಪರವಾನಗಿಯಲ್ಲಿ ಯಾವುದಾದರೂ ಸರಿ ಎಂದಿತ್ತು, ಬದುಕಿದೆ.

ಆಫ್ರಿಕಾದ ಪ್ರಾಣಿ ಅಲ್ಲಿಗೆ ಹೇಗೆ ಬಂತು ಎಂದು ಒಬ್ಬರು ಕೇಳಿದ್ದರು. 1969ರಿಂದ 1977ರವರೆಗೆ ರಾಜ್ಯದ ವನ್ಯಜೀವಿ ಇಲಾಖೆಯೇ ಬಿಟ್ಟದ್ದು, ನೂರಕ್ಕೂ ಕಡಿಮೆ. ಸಿಂಹವಿಲ್ಲದ ನಾಡಿನಲ್ಲಿ ಅವು ಸಾವಿರಗಟ್ಟಲೆಯಾದವು.

ಮುಂದಿನ ವರ್ಷ? ವಲಯದೊಳಗಿನ ಈ ಪರವಾನಗಿ ಜೀವಮಾನಕ್ಕೆ ಒಂದೇ ಸಲ. ಇನ್ನು ನನ್ನ ಹೆಂಡತಿಯ ಸರದಿ. ಫ್ರೀಜರಿನಲ್ಲಿ ಮಾತ್ರ ಸದ್ಯಕ್ಕೆ ಜಾಗವಿಲ್ಲ.