ಟಿ-ರೆಗ್ ಸ್ಟೇನಿಂಗ್: ಫಾಕ್ಸ್‌ಪಿ3 ಕಾಣಿಸುತ್ತಲೇ ಇಲ್ಲ, ಯಾರಾದರೂ ದಾರಿ ಹೇಳಿ

ಪುಣೆ_ಫ್ಲೋ: ತಲೆ ಕೆಟ್ಟುಹೋಗಿದೆ. ಟಿ-ರೆಗ್, ಅಂದರೆ ಇಮ್ಯೂನಿಟಿಯನ್ನು ಹತೋಟಿಯಲ್ಲಿಡುವ ಟಿ ಸೆಲ್‌ಗಳಿಗೆ ಬಣ್ಣದ ಆಂಟಿಬಾಡಿ ಹಾಕಿ ಫ್ಲೋ ಸೈಟೋಮೀಟರ್‌ನಲ್ಲಿ (ಸೆಲ್‌ಗಳನ್ನು ಲೇಸರ್‌ನಿಂದ ಎಣಿಸುವ ಯಂತ್ರ) ನೋಡುತ್ತಿದ್ದೇನೆ. ಸೆಲ್ ಮೇಲ್ಮೈಯ ಗುರುತುಗಳಲ್ಲಿ ಸಿಡಿ4 ಚೆನ್ನಾಗಿದೆ, ಸಿಡಿ25 ಪರವಾಗಿಲ್ಲ. ಟಿ-ರೆಗ್‌ನ ಮುಖ್ಯ ಗುರುತಾದ ಫಾಕ್ಸ್‌ಪಿ3 ಪ್ರೋಟೀನ್ ಮಾತ್ರ ಗ್ರಾಫ್‌ನಲ್ಲಿ ಎಡಗಡೆ ಅಂಚಿಗೇ ಅಂಟಿಕೊಂಡು ಕೂತಿರುತ್ತದೆ, ಬಣ್ಣವೇ ಹತ್ತದ ಹಾಗೆ. ಆಂಟಿಬಾಡಿ ಹೊಸದು. ಹಡಪಸರ್‌ನಿಂದ ಸ್ಯಾಂಪಲ್ ಬರುವಷ್ಟರಲ್ಲೇ ಮಧ್ಯಾಹ್ನ ಆಗಿರುತ್ತದೆ. ಸುಮ್ನೆ ಹಾಳು ಮಾಡಲು ಮನಸ್ಸು ಬರುವುದಿಲ್ಲ.

ಮಾಟುಂಗಾ_ಅಕ್ಕ: ಇಲಿಯದೋ ಮನುಷ್ಯರದೋ? ಆಂಟಿಬಾಡಿಯ ಕ್ಲೋನ್ (ತಳಿ) ಯಾವುದು? ಎಫ್‌ಜೆಕೆ-16ಎಸ್ ಇಲಿಗೆ ಬಳಸುವುದು.

ಪುಣೆ_ಫ್ಲೋ: ಮನುಷ್ಯರದೇ ಅಕ್ಕಾ, ರುಮಟಾಯ್ಡ್ ಆರ್ಥ್ರೈಟಿಸ್ ಇರುವವರ ರಕ್ತ. ಕ್ಲೋನ್ 259ಡಿ.

ಮಾಟುಂಗಾ_ಅಕ್ಕ: ಆದರೂ ಪಿಸಿಎಚ್101 ಕ್ಲೋನ್ ಹಾಕಿ ನೋಡಿ. ನಿಮ್ಮ ಆಂಟಿಬಾಡಿಯ ಲಾಟ್ (ಬ್ಯಾಚ್) ಕೈಕೊಟ್ಟಿರಬಹುದು.

ಮಡಗಾಂವ್_ಮೇಷ್ಟ್ರು: ಕ್ಲೋನ್ ಆಮೇಲೆ. ಸೆಲ್‌ಗಳನ್ನು ಹಾಗೇ ಹಿಡಿದಿಡಲು (ಫಿಕ್ಸ್), ಪೊರೆ ತೂತು ಮಾಡಲು (ಪರ್ಮ್) ಹಾಕಿದ ಬಫರ್ ಯಾವುದು ಹೇಳಿ. ಫಾಕ್ಸ್‌ಪಿ3 ಇರುವುದು ನ್ಯೂಕ್ಲಿಯಸ್ ಒಳಗೆ.

ದಾದರ್_ಲೇಸರ್: ಫಾಕ್ಸ್‌ಪಿ3 ಯಾಕೆ ಬೇಕು? ಸಿಡಿ25 ಜಾಸ್ತಿ, ಸಿಡಿ127 ಕಮ್ಮಿ ಅಂತ ಗೇಟ್ ಹಾಕಿ ಆ ಸೆಲ್‌ಗಳನ್ನು ಆರಿಸಿಕೊಂಡರೆ ಆಯ್ತು. ಸೆಲ್ ಜೀವಂತವಾಗಿಯೂ ಉಳಿಯುತ್ತದೆ. ನಮ್ಮಲ್ಲಿ ಐದು ಲೇಸರ್‌ನ ಸ್ಪೆಕ್ಟ್ರಲ್ ಯಂತ್ರ ಬಂದಿದೆ, 20 ಬಣ್ಣ ಒಟ್ಟಿಗೆ ಓಡಿಸುತ್ತೇವೆ.

ಮಡಗಾಂವ್_ಮೇಷ್ಟ್ರು: ಉರಿಯೂತ ಇರುವವರಲ್ಲಿ ಆಕ್ಟಿವೇಟ್ ಆದ ಮಾಮೂಲಿ ಟಿ ಸೆಲ್‌ಗಳಲ್ಲೂ ಸಿಡಿ25 ಏರುತ್ತದೆ, ಸಿಡಿ127 ಇಳಿಯುತ್ತದೆ. ಮೇಲ್ಮೈಯ ಗುರುತುಗಳನ್ನೇ ನಂಬಬೇಡಿ.

ದಾದರ್_ಲೇಸರ್: ಅವು ಸ್ವಲ್ಪ ಕಾಲ ಫಾಕ್ಸ್‌ಪಿ3 ಕೂಡ ತೋರಿಸುತ್ತವೆ, ಅಲ್ವಾ? ಖಚಿತ ಆಗಬೇಕಿದ್ದರೆ ಟಿಎಸ್‌ಡಿಆರ್ (ಫಾಕ್ಸ್‌ಪಿ3 ಜೀನ್‌ನ ಒಂದು ಭಾಗ) ಮೆಥಿಲೇಷನ್, ಅಂದರೆ ಅಲ್ಲಿನ ಡಿಎನ್‌ಎ ಮೇಲಿನ ರಾಸಾಯನಿಕ ಗುರುತು ನೋಡಬೇಕು.

ಮಡಗಾಂವ್_ಮೇಷ್ಟ್ರು: ಅದು ನಿಜ. ಆದರೆ ಫಾಕ್ಸ್‌ಪಿ3 ಜೀನ್ ಕೆಟ್ಟ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ಕಾಯಿಲೆ ಬರುತ್ತದೆ. ಕರುಳು, ಚರ್ಮ, ಇನ್ಸುಲಿನ್ ಮಾಡುವ ಸೆಲ್‌ಗಳು, ಎಲ್ಲದರ ಮೇಲೂ ಸ್ವಂತ ಇಮ್ಯೂನಿಟಿಯೇ ತಿರುಗಿಬೀಳುತ್ತದೆ. ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಅವರಿಗೆ 2025ರಲ್ಲಿ ನೊಬೆಲ್ ಬಂದದ್ದೂ ಈ ಕೆಲಸಕ್ಕೇ. ಇದನ್ನು ಬಿಟ್ಟು ಟಿ-ರೆಗ್ ಎಣಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಪುಣೆ_ಫ್ಲೋ: ಬಫರ್ ಲ್ಯಾಬ್‌ನಲ್ಲಿ ಎಲ್ಲರೂ ಬಳಸುವುದೇ, ಫಿಕ್ಸ್‌ಗೆ ಪಿಎಫ್‌ಎ, ಪರ್ಮ್‌ಗೆ ಸಪೋನಿನ್. ಐಎಲ್-17 (ಉರಿಯೂತದ ಸಿಗ್ನಲ್ ಪ್ರೋಟೀನ್) ಅದರಲ್ಲಿ ಚೆನ್ನಾಗಿ ಬರುತ್ತದೆ.

ಮಡಗಾಂವ್_ಮೇಷ್ಟ್ರು: ಅಲ್ಲೇ ಇದೆ ನೋಡಿ! ಐಎಲ್-17 ಸೈಟೋಪ್ಲಾಸಂನಲ್ಲಿರುತ್ತದೆ, ಅದಕ್ಕೆ ಸಪೋನಿನ್ ಸಾಕು. ನ್ಯೂಕ್ಲಿಯಸ್‌ಗೆ ಆಂಟಿಬಾಡಿ ಇಳಿಯಬೇಕಾದರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಫಾಕ್ಸ್‌ಪಿ3 ಥರ ಜೀನ್ ನಿಯಂತ್ರಿಸುವ ಪ್ರೋಟೀನ್) ಬಫರ್ ಸೆಟ್ಟೇ ಬೇಕು. ಸಿಡಿ25 ಮೊದಲು ಹಾಕಿ, ಆಮೇಲೆ ಫಿಕ್ಸ್ ಮಾಡಿ. ಪರ್ಮ್ ಆದ ಸೆಲ್ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಸುಲಭವಾಗಿ ತಳಕ್ಕೆ ಕೂರುವುದಿಲ್ಲ. 300 ಜಿ ಸಾಲದು, 600 ಜಿ ಹಾಕಿ. ಇಲ್ಲದಿದ್ದರೆ ಪೆಲೆಟ್ (ತಳಕ್ಕೆ ಕೂತ ಸೆಲ್‌ಗಳು) ನೀರಿನ ಜೊತೆ ಹೊರಟುಹೋಗುತ್ತದೆ. ರೋಗಿಯ ರಕ್ತ ಈಗಲೇ ಮುಟ್ಟಬೇಡಿ. ಆರೋಗ್ಯವಂತರೊಬ್ಬರ ರಕ್ತದಲ್ಲಿ ಎಫ್‌ಎಂಒ (ಒಂದು ಬಣ್ಣ ಬಿಟ್ಟು ಉಳಿದೆಲ್ಲ ಹಾಕಿದ ಕಂಟ್ರೋಲ್) ಇಟ್ಟು ಮಾಡಿ. ಸಿಡಿ4 ಸೆಲ್‌ಗಳಲ್ಲಿ ಸುಮಾರು ಶೇ. 5ರಿಂದ 10 ಟಿ-ರೆಗ್ ಸಿಗಬೇಕು.

ಪುಣೆ_ಫ್ಲೋ: ಆ ಸೆಟ್ ಇಲ್ಲಿಲ್ಲ ಮೇಷ್ಟ್ರೇ. ಇವತ್ತೇ ಆರ್ಡರ್ ಹಾಕುತ್ತೇನೆ.

ಮಾಟುಂಗಾ_ಅಕ್ಕ: ಅದು ಬರುವವರೆಗೆ ಪಿಸಿಎಚ್101 ಕಳಿಸಲಾ? ಐಸ್ ಪ್ಯಾಕ್ ಹಾಕಿ ಕೊಡುತ್ತೇನೆ.

ದಾದರ್_ಲೇಸರ್: ಸ್ಪೆಕ್ಟ್ರಲ್ ಅನ್‌ಮಿಕ್ಸಿಂಗ್ (ಬೆರೆತ ಬಣ್ಣಗಳನ್ನು ಬಿಡಿಸುವುದು) ಬಗ್ಗೆ ಬೇರೆ ಥ್ರೆಡ್ ತೆರೆದಿದ್ದೇನೆ. ಆಸಕ್ತಿ ಇರುವವರು ಬನ್ನಿ.